ರಾಯಚೂರು ಕದನ, 1520: ಅರವತ್ತು ಸೆಂಟಿಮೀಟರ್ ಹಲಗೆಯ ಮೇಲೆ

1:72 ಪ್ರಮಾಣದಲ್ಲಿ 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಹಲಗೆಯೆಂದರೆ ನಿಜವಾದ ನೆಲದ ಮೇಲೆ ಸುಮಾರು 43 ಮೀಟರ್‌ಗೆ 32 ಮೀಟರ್ ಜಾಗ. ವಿಜಯನಗರದ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ 1520ರ ಮೇ ತಿಂಗಳಲ್ಲಿ, ರಾಯಚೂರಿನ ಉತ್ತರಕ್ಕೆ ಕೃಷ್ಣಾ ನದಿಯ ಬಳಿ ನಡೆದ ಕಾಳಗವನ್ನು ಡಯೋರಾಮಾ (ಗೊಂಬೆ, ನೆಲ, ಗಿಡಗಳನ್ನು ಕೂಡಿಸಿದ ಪುಟ್ಟ ದೃಶ್ಯ ಮಾದರಿ) ಮಾಡಲು ಹೊರಟಾಗ ಮೊದಲು ಹಾಕಿದ ಲೆಕ್ಕ ಇದು. ರಾಯನ ದಂಡಿನಲ್ಲಿ ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳಿದ್ದರೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿದ್ದಾನೆ. ಆ ಸಂಖ್ಯೆಯನ್ನು ಎಷ್ಟೇ ತಗ್ಗಿಸಿಕೊಂಡರೂ ಇಡೀ ಕದನವನ್ನು ಮೇಜಿನ ಮೇಲೆ ತರುವ ಮಾತಿಲ್ಲ. ಆದ್ದರಿಂದ ಕೆಲಸ ಶುರುವಾದದ್ದು ಅಂಟು, ಬಣ್ಣಗಳಿಂದಲ್ಲ. ಯಾವ ನಲವತ್ತು ಮೀಟರ್ ನೆಲ, ಯಾವ ಗಳಿಗೆ ಎಂಬ ಆಯ್ಕೆಯಿಂದ.

ನೂನಿಜ್‌ನ ವರದಿಯ ಪ್ರಕಾರ ಆದಿಲ್ ಶಾಹ ನದಿಯನ್ನು ದಾಟಿ, ಕಂದಕ ತೋಡಿ, ಮಣ್ಣಿನ ಒಡ್ಡು ಹಾಕಿ, ತನ್ನ ತೋಪುಗಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದ. ಬೆಳಗಾಗುತ್ತಲೇ ವಿಜಯನಗರದ ಮುಂಚೂಣಿ ಆ ಒಡ್ಡಿನವರೆಗೂ ನುಗ್ಗಿತು. ತೋಪುಗಳೆಲ್ಲ ಒಟ್ಟಿಗೆ ಸಿಡಿದಾಗ ಗುಂಪುಗೂಡಿದ್ದ ಸೈನಿಕರು ರಾಶಿಯಾಗಿ ಬಿದ್ದರು, ಉಳಿದವರು ಹಿಂದೆಗೆದರು. ಆದಿಲ್‌ಶಾಹಿ ಸೈನಿಕರು ಒಡ್ಡು ಬಿಟ್ಟು ಅವರನ್ನು ಅಟ್ಟಿಸಿಕೊಂಡು ಹೊರಬಂದರು. ಆಗ ರಾಯ ತನ್ನ ಉಂಗುರವನ್ನು ಸೇವಕನೊಬ್ಬನ ಕೈಗಿತ್ತು, ತಾನು ಸತ್ತರೆ ಅದನ್ನು ರಾಣಿಯರಿಗೆ ಗುರುತಾಗಿ ತೋರಿಸುವಂತೆ ಹೇಳಿ, ಉಳಿದ ಪಡೆಗಳೊಂದಿಗೆ ಮುಂದೆ ನುಗ್ಗಿದನಂತೆ. ಬೆನ್ನಟ್ಟಿ ಬಂದವರು ಈಗ ತಾವೇ ಬೆನ್ನು ತಿರುಗಿಸಿ ಓಡಿದರು. ಓಟ ನದಿಯವರೆಗೂ ನಿಲ್ಲಲಿಲ್ಲ. ನನ್ನ ಹಲಗೆಯ ಮೇಲಿರುವುದು ಆ ಎರಡನೆಯ ನುಗ್ಗಾಟ ಒಡ್ಡನ್ನು ಮುಟ್ಟುವ ಗಳಿಗೆ. ತೋಪುಗಳು ಒಮ್ಮೆ ಸಿಡಿದು ಖಾಲಿಯಾಗಿವೆ, ಗೋಲಂದಾಜರು ಮತ್ತೆ ಮದ್ದು ತುಂಬುತ್ತಿದ್ದಾರೆ, ಅವರೆದುರಿಗೆ ಅವರದೇ ಸೈನಿಕರು ಓಡಿ ಬರುತ್ತಿದ್ದಾರೆ. ತೋಪು ಸಿದ್ಧವಾದರೂ ಹಾರಿಸುವಂತಿಲ್ಲ. ಈ ಕೊನೆಯ ಮಾತನ್ನು ನೂನಿಜ್ ಹೇಳಿಲ್ಲ. ಅವನು ಕೊಟ್ಟ ಘಟನಾಕ್ರಮದಿಂದ ನಾನು ಮಾಡಿಕೊಂಡ ತರ್ಕ ಅದು. ಇಡೀ ರಚನೆ ನಿಂತಿರುವುದು ಆ ತರ್ಕದ ಮೇಲೆಯೇ.

ಇದಕ್ಕೆ ಎದುರಾಗಿ ಬಿಜಾಪುರದ ಆಸ್ಥಾನದಲ್ಲಿದ್ದ ಪಾರಸಿ ಇತಿಹಾಸಕಾರ ಫೆರಿಷ್ತಾನ ಕಥೆಯೊಂದಿದೆ. ಆದಿಲ್ ಶಾಹ ಕುಡಿದ ಅಮಲಿನಲ್ಲಿ, ಸಿದ್ಧತೆಯಿಲ್ಲದೆ, ಸ್ವಲ್ಪವೇ ದಂಡಿನೊಡನೆ ನದಿ ದಾಟಿ ಸಿಕ್ಕಿಬಿದ್ದನೆಂದು ಅವನು ಬರೆಯುತ್ತಾನೆ. ಹಾಗಿದ್ದಿದ್ದರೆ ದಡದಲ್ಲಿ ಸಾಲುಗಟ್ಟಿದ ತೋಪುಗಳೇ ಇರುತ್ತಿರಲಿಲ್ಲ, ಈ ಡಯೋರಾಮಾವೂ ಬೇರೆಯೇ ಆಗುತ್ತಿತ್ತು. ನಾನು ನೂನಿಜ್‌ನ ಕಡೆ ವಾಲಿದ್ದಕ್ಕೆ ಕಾರಣ ಕೊಳ್ಳೆಯ ಪಟ್ಟಿ. ಸಣ್ಣವನ್ನು ಬಿಟ್ಟು ನಾನೂರು ದೊಡ್ಡ ತೋಪುಗಳು, ಅವುಗಳ ಒಂಬೈನೂರು ಬಂಡಿಗಳು, ನೂರು ಆನೆಗಳು, ನಾಲ್ಕು ಸಾವಿರ ಹೊರ್ಮುಜ್ ಕುದುರೆಗಳು ರಾಯನ ಕೈಗೆ ಸಿಕ್ಕವೆಂದು ಅವನು ಎಣಿಸುತ್ತಾನೆ. ಅಂಕಿಗಳು ಉಬ್ಬಿರಬಹುದು. ಆದರೆ ತೋಪಿನ ಜೊತೆಗೆ ಬಂಡಿಯನ್ನೂ ಬೇರೆಯಾಗಿ ಲೆಕ್ಕ ಹಿಡಿಯುವವನು ಕುಡುಕನ ಕಥೆ ಹೇಳುವವನಿಗಿಂತ ಡಯೋರಾಮಾ ಮಾಡುವವನಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಅವನು ಕೊಡುವ 1522 ಎಂಬ ವರ್ಷ ಮಾತ್ರ ತಪ್ಪು. 1900ರಲ್ಲಿ ಅವನ ವೃತ್ತಾಂತವನ್ನು ಇಂಗ್ಲಿಷಿಗೆ ತಂದ ರಾಬರ್ಟ್ ಸಿವೆಲ್ ಅದನ್ನು ತಿದ್ದಿ 1520 ಎಂದು ತೋರಿಸಿದ್ದು, ಈಗ ಎಲ್ಲರೂ ಒಪ್ಪಿರುವುದು ಅದನ್ನೇ.

ಹಲಗೆಯ ಮೇಲೆ ಇರಬಾರದವರ ಪಟ್ಟಿಯನ್ನೂ ಆರಂಭದಲ್ಲೇ ಬರೆದಿಟ್ಟುಕೊಂಡೆ. ರಾಯಚೂರು ಎಂದ ಕೂಡಲೇ ರಾಯನ ಪರವಾಗಿ ಕೋವಿ ಹಿಡಿದ ಪೋರ್ಚುಗೀಸರನ್ನು ನಿಲ್ಲಿಸುವ ಆಸೆಯಾಗುತ್ತದೆ. ಆದರೆ ಅವರ ಮುಂದಾಳು ಕ್ರಿಸ್ಟೊವಾವೊ ಡಿ ಫಿಗೇರೆಡೊ ಇಪ್ಪತ್ತು ಮಂದಿ ಕೋವಿಯವರೊಡನೆ ಸೇರಿಕೊಂಡದ್ದು ಈ ಕಾಳಗದ ನಂತರ ನಡೆದ ಕೋಟೆಯ ಮುತ್ತಿಗೆಯಲ್ಲಿ. ನದಿಯ ದಡದಲ್ಲಿ ಅವರಿಗೆ ಜಾಗವಿಲ್ಲ. ವಿಚಿತ್ರವೆಂದರೆ ಅಂದು ಪೋರ್ಚುಗೀಸರಿದ್ದದ್ದು ಎದುರು ಪಾಳೆಯದಲ್ಲಿ: ಕೊನೆಗೆ ರಾಯನಿಗೆ ಸೆರೆಸಿಕ್ಕ ಆದಿಲ್‌ಶಾಹಿ ಸೇನಾಪತಿ ಸಲಾಬತ್ ಖಾನನ ಕಾವಲಿಗೆ ತಮ್ಮವರನ್ನು ತೊರೆದು ಬಂದ ಪೋರ್ಚುಗೀಸರಿದ್ದರೆಂದು ನೂನಿಜ್ ಹೇಳುತ್ತಾನೆ. ಒಡ್ಡಿನ ಹಿಂದೆ ಅಂಥ ಇಬ್ಬರನ್ನು ಇಟ್ಟಿದ್ದೇನೆ. ಕೃಷ್ಣದೇವರಾಯನೂ ಹಲಗೆಯ ಮೇಲಿಲ್ಲ. ನೋಡಿದವರು ಮೊದಲು ಕೇಳುವುದು «ರಾಯ ಎಲ್ಲಿ?» ಎಂದೇ. ಮೈಲುಗಟ್ಟಲೆ ಹರಡಿದ ರಣರಂಗದಲ್ಲಿ ನಾನು ಕತ್ತರಿಸಿಕೊಂಡ ನಲವತ್ತು ಮೀಟರಿನಲ್ಲೇ ಅವನು ಸಿಗಬೇಕೆಂದೇನೂ ಇಲ್ಲ. ಅವನನ್ನು ಇಟ್ಟರೆ ನೋಟವೆಲ್ಲ ಅವನ ಮೇಲೆಯೇ ನಿಂತು ತೋಪುಗಳತ್ತ ಯಾರೂ ನೋಡುವುದಿಲ್ಲ.

ಇನ್ನು ಗೊಂಬೆಗಳ ವಿಷಯ. ವಿಜಯನಗರದ ಸೈನಿಕರ ಸಿದ್ಧ ಕಿಟ್ ಹುಡುಕುತ್ತ ಕೂತರೆ ಕೆಲಸ ಮುಂದೆ ಸಾಗುವುದಿಲ್ಲ. 1:72ರಲ್ಲಿ ಮೆದು ಪ್ಲಾಸ್ಟಿಕ್ಕಿನ ಪ್ರಾಚೀನ ಹಾಗೂ ಮಧ್ಯಯುಗದ ಏಷ್ಯಾ ಸೈನಿಕರು, ಪ್ರಾಚೀನ ಕಾಲದ ಯುದ್ಧದಾನೆಗಳು ಸಿಗುತ್ತವೆ. ಅವುಗಳ ಮೈಕಟ್ಟು, ಕೈಕಾಲಿನ ಭಂಗಿಗಳನ್ನಷ್ಟೇ ಉಳಿಸಿಕೊಂಡು ಉಡುಗೆ, ತಲೆ, ಆಯುಧಗಳನ್ನು ಹೊಸದಾಗಿ ಮಾಡುವುದು ನಾನು ಹಿಡಿದ ದಾರಿ. ಈ ಗೊಂಬೆಗಳು ಪಾಲಿಎಥಿಲೀನ್‌ನವಾದ್ದರಿಂದ ಅವಕ್ಕೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಹೋಗುವಂತೆ ಪಾತ್ರೆ ತೊಳೆಯುವ ದ್ರವದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒಣಗಿಸಬೇಕು. ಕತ್ತರಿಸಿ ಕೂಡಿಸುವ ಜಾಗದಲ್ಲೆಲ್ಲ ಸಣ್ಣ ತಂತಿಯ ಮೊಳೆ ಹಾಕಿ, ನಂತರ ಅಂಟು ಹಾಕಬೇಕು. ಬರೀ ಅಂಟು ನಂಬಿದರೆ ಬಣ್ಣ ಹಚ್ಚುವಾಗ ಕೈ ಕಳಚುತ್ತದೆ. ಪ್ಲಾಸ್ಟಿಕ್ ಈಟಿಗಳು ಬಾಗುವುದರಿಂದ, ಬಾಗಿದಾಗಲೆಲ್ಲ ಬಣ್ಣ ಉದುರುವುದರಿಂದ, ಅವನ್ನೆಲ್ಲ ಕತ್ತರಿಸಿ 0.4 ಮಿ.ಮೀ. ಹಿತ್ತಾಳೆ ತಂತಿ ಹಾಕಿದ್ದೇನೆ. ನಿಜದಲ್ಲಿ ಅದು ಸುಮಾರು 29 ಮಿ.ಮೀ. ದಪ್ಪದ ಕೋಲು, ಕೈಹಿಡಿಗೆ ಸರಿ. ಸುರುಳಿಯಿಂದ ಬಿಚ್ಚಿದ ತಂತಿಯ ಎರಡು ತುದಿಗಳನ್ನು ಎರಡು ಇಕ್ಕಳಗಳಲ್ಲಿ ಹಿಡಿದು ಜಗ್ಗಿದರೆ ನೆಟ್ಟಗಾಗುತ್ತದೆ. ತುದಿಯನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಅರದಿಂದ ಎಲೆಯಾಕಾರಕ್ಕೆ ಉಜ್ಜಿದರೆ ಈಟಿಯ ಮೊನೆ ಸಿದ್ಧ.

ಉಡುಗೆಗೆ ಮೂರು ಆಧಾರಗಳಿವೆ. ಹಂಪಿಯ ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯಲ್ಲಿ ಕೆಳಗಿನಿಂದ ಆನೆ, ಕುದುರೆ, ಸೈನಿಕರು ಎಂದು ಸಾಲುಸಾಲಾಗಿ ಕೊರೆದಿರುವ ಮೆರವಣಿಗೆ ಮೊದಲನೆಯದು. ಅದು ಒಂದನೆಯ ದೇವರಾಯನ ಕಾಲದ್ದು, ಅಂದರೆ ನಮ್ಮ ಕದನಕ್ಕಿಂತ ಸುಮಾರು ನೂರು ವರ್ಷ ಹಿಂದಿನದು. ಎರಡನೆಯದು ಲೇಪಾಕ್ಷಿಯ ವೀರಭದ್ರ ಗುಡಿಯ ಚಾವಣಿ ಚಿತ್ರಗಳು. ಇವು ಕದನಕ್ಕಿಂತ ಕೊಂಚ ಈಚಿನವು, ಅಚ್ಯುತರಾಯನ ಕಾಲದವು. ಮೂರನೆಯದು ಕದನದ ಆಸುಪಾಸಿನಲ್ಲೇ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ದಂಡು ಪರೀಕ್ಷೆಯನ್ನು ವರ್ಣಿಸಿರುವ ಭಾಗ. ಕಲ್ಲಿನಲ್ಲಿ ಕಾಲಾಳುಗಳು ಬಹುತೇಕ ಬರಿಮೈಯಲ್ಲಿ, ಕಚ್ಚೆ ಕಟ್ಟಿ, ಗುರಾಣಿ ಹಿಡಿದಿದ್ದಾರೆ. ಪಾಯೆಸ್ ಕಂಡ ರಾವುತರು ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ತೊಟ್ಟಿದ್ದಾರೆ. ಲೇಪಾಕ್ಷಿಯ ಗಣ್ಯರು ಉದ್ದನೆಯ ಕಬಾಯಿ (ನಿಲುವಂಗಿ) ತೊಟ್ಟು, ಎತ್ತರದ ಕುಲ್ಲಾಯಿ ಇಟ್ಟಿದ್ದಾರೆ. ತಿರುಮಲೆಯಲ್ಲಿ ತಿರುಮಲದೇವಿ, ಚಿನ್ನಾದೇವಿಯರ ನಡುವೆ ನಿಂತ ಕೃಷ್ಣದೇವರಾಯನ ಲೋಹದ ಪ್ರತಿಮೆಯ ತಲೆಯ ಮೇಲೂ ಅಂಥದೇ ನೀಳ ಟೊಪ್ಪಿಗೆಯಿದೆ. ಹಾಗಾಗಿ ಕಾಲಾಳುಗಳಿಗೆ ಕಲ್ಲಿನ ಸಾಕ್ಷಿ, ರಾವುತರಿಗೆ ಪಾಯೆಸ್‌ನ ಸಾಕ್ಷಿ, ಮುಂದಾಳುಗಳಿಗೆ ಕುಲ್ಲಾಯಿ ಎಂದು ಹಂಚಿಕೊಂಡೆ.

ಕುಲ್ಲಾಯಿ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಡೀ ಸೈನ್ಯಕ್ಕೆ ವಿಜಯನಗರದ ಮುಖಲಕ್ಷಣ ಬರುವುದು ಅದರಿಂದಲೇ. ಎಂ-ಸೀಲ್ ಪುಟ್ಟಿ ಬಂಡೆಗಳಿಗೆ, ಕಂದಕಕ್ಕೆ ಚೆನ್ನ. ಬೇಗ ಗಟ್ಟಿಯಾಗುವುದರಿಂದ, ಸ್ವಲ್ಪ ಮರಳುಮರಳಾಗಿರುವುದರಿಂದ ಇಷ್ಟು ಸಣ್ಣ ಕೆಲಸಕ್ಕೆ ಒಗ್ಗದು. ಹಳದಿ, ನೀಲಿ ಪಟ್ಟಿಗಳನ್ನು ನಾದಿದರೆ ಹಸಿರಾಗುವ ಗ್ರೀನ್ ಸ್ಟಫ್ ಪುಟ್ಟಿಯೇ ಬೇಕು. ಗೊಂಬೆಯ ತಲೆಯನ್ನು ಹಣೆಯ ಮಟ್ಟಕ್ಕೆ ಕತ್ತರಿಸಿ, ಅರ್ಧ ಮಿ.ಮೀ. ತಂತಿಯ ತುಂಡನ್ನು ನಡುವೆ ಚುಚ್ಚಿ ಹೊರಗೆ 3 ಮಿ.ಮೀ. ಉಳಿಸಬೇಕು. ಸಾಸಿವೆಗಿಂತ ಸ್ವಲ್ಪ ದೊಡ್ಡ ಪುಟ್ಟಿಯ ಉಂಡೆಯನ್ನು ಒದ್ದೆ ಬೆರಳುಗಳ ನಡುವೆ ಹೊಸೆದು ಆ ತಂತಿಯ ಮೇಲೆ ಕೂರಿಸಿ, ಬುಡದಿಂದ ಮೇಲಕ್ಕೆ ಒತ್ತುತ್ತ ಬಂದರೆ 4 ಮಿ.ಮೀ. ಎತ್ತರದ, ತುದಿ ದುಂಡಾದ ಟೊಪ್ಪಿಗೆಯಾಗುತ್ತದೆ. ನಿಜದಲ್ಲಿ ಅದು ಒಂದಡಿಗೆ ಚೂರು ಕಡಿಮೆ. ಪುಟ್ಟಿ ಅರ್ಧ ಗಟ್ಟಿಯಾಗುವವರೆಗೆ ಬಿಟ್ಟು, ಪೆನ್ ಹಿಡಿಗೆ ಸಿಕ್ಕಿಸಿದ ಹೊಲಿಗೆ ಸೂಜಿಯಿಂದ ಹಣೆಯಂಚಿನ ಪಟ್ಟಿಯನ್ನು ಗೀರಬೇಕು. ಬೇಗ ಗೀರಿದರೆ ಪುಟ್ಟಿ ಸೂಜಿಯ ಜೊತೆಗೇ ಬರುತ್ತದೆ, ತಡವಾದರೆ ಗೆರೆಯೇ ಮೂಡುವುದಿಲ್ಲ. ರಾವುತರ ಹತ್ತಿಯಂಗಿಗೂ ಇದೇ ಕ್ರಮ: ಎದೆ ಬೆನ್ನಿಗೆ ತೆಳ್ಳಗೆ ಪುಟ್ಟಿ ಹರಡಿ, ಮುಕ್ಕಾಲು ಮಿ.ಮೀ. ಅಂತರದಲ್ಲಿ ಉದ್ದುದ್ದ ಗೆರೆ ಎಳೆದರೆ ತಿಳಿ ಕಂದು ವಾಷ್ (ನೀರಾಗಿಸಿದ ಬಣ್ಣ) ಹೊಲಿಗೆಯ ಸಾಲಿನಲ್ಲಿ ತಾನಾಗಿ ಇಳಿಯುತ್ತದೆ.

ಬಣ್ಣಗಳನ್ನು ಆ ಕಾಲದ ಬಟ್ಟೆಯ ಬಣ್ಣಗಳಿಗೆ ಕಟ್ಟಿಹಾಕಿಕೊಂಡೆ. ಬಣ್ಣ ಕಟ್ಟದ ಹತ್ತಿಯ ಮಾಸಲು ಬಿಳಿ, ನೀಲಿಗಿಡದ ನೀಲಿ, ಮಂಜಿಷ್ಠದ ಕೆಂಪು, ಕುಸುಬೆ ಹೂವಿನ ಗುಲಾಬಿ ಛಾಯೆ, ಅರಿಸಿನದ ಹಳದಿ. ಅಂಗಡಿಯ ಅಕ್ರಿಲಿಕ್ ಬಣ್ಣವನ್ನು ಶೀಸೆಯಿಂದ ನೇರವಾಗಿ ಹಚ್ಚಿದರೆ ಸೈನ್ಯ ಜಾತ್ರೆಯ ಗೊಂಬೆಯಂಗಡಿಯಂತೆ ಕಾಣುತ್ತದೆ. ಪ್ರತಿಯೊಂದಕ್ಕೂ ಒಂದು ಹನಿ ಮಣ್ಣಿನ ಕಂದು ಬೆರೆಸಿದರೆ ಅವೆಲ್ಲ ಒಂದೇ ಬಿಸಿಲಿನಡಿ ನಿಂತಂತೆ ಕೂಡಿಕೊಳ್ಳುತ್ತವೆ.

ಎದುರು ಪಾಳೆಯವನ್ನು ಬೇರೆ ಮಾಡಿ ತೋರಿಸುವ ಕಷ್ಟವನ್ನು ಕಳೆದದ್ದು ಮತ್ತೆ ಫೆರಿಷ್ತಾನೇ. ಇರಾನಿನ ಸಫವಿ ದೊರೆ ಶಾ ಇಸ್ಮಾಯಿಲನ ರಾಯಭಾರದಿಂದ ಸಂತುಷ್ಟನಾದ ಆದಿಲ್ ಶಾಹ, ತನ್ನ ಸೇನೆಯವರು ಹನ್ನೆರಡು ಮಡಿಕೆಯ ಕೆಂಪು ಟೊಪ್ಪಿಗೆ ಧರಿಸಬೇಕೆಂದು ಆಜ್ಞೆ ಮಾಡಿದ್ದನೆಂದು ಅವನು ದಾಖಲಿಸುತ್ತಾನೆ. ಹಾಗೆಂದು ಎಲ್ಲರ ತಲೆಗೂ ಅದನ್ನೇ ಇಟ್ಟರೆ ಸಮವಸ್ತ್ರದಂತಾಗುತ್ತದೆ. ಆ ಕಾಲದ ದಂಡಿಗೆ ಅದು ಸಲ್ಲದು. ರಾವುತರಿಗೂ ಮುಂದಾಳುಗಳಿಗೂ ಕೆಂಪು ಟೊಪ್ಪಿಗೆ, ಕಾಲಾಳುಗಳಿಗೆ ಮುಂಡಾಸು. ಹಲಗೆಯ ಬಲ ಹಿಂಬದಿಯಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಕಂಡರೆ ಸಾಕು, ಕಣ್ಣು ತಾನೇ ಎರಡು ಪಕ್ಷ ಮಾಡಿಕೊಳ್ಳುತ್ತದೆ. ಧ್ವಜಗಳ ಬಗ್ಗೆ ನನ್ನ ಬಳಿ ಗಟ್ಟಿಯಾದ ಆಧಾರವಿಲ್ಲದ್ದರಿಂದ ಹೊಗೆಯ ಮರೆಯಲ್ಲಿ ಅರ್ಧ ಮುಚ್ಚಿದ ಎರಡು ಬಣ್ಣದ ಪಟಗಳಿಗೇ ನಿಲ್ಲಿಸಿದ್ದೇನೆ.

ಆನೆಗಳು ಎರಡೇ. ಭುಜದ ಮಟ್ಟ 2.7 ಮೀಟರ್ ಎಂದರೆ ಹಲಗೆಯ ಮೇಲೆ 37 ಮಿ.ಮೀ. ಚಿಲ್ಲರೆ. ಕಿಟ್‌ನ ಆನೆಯ ಕಿವಿ ಆಫ್ರಿಕದ್ದೋ ನಮ್ಮದೋ ಎಂದು ಮೊದಲು ನೋಡಿಕೊಳ್ಳಬೇಕು. ಪ್ರಾಚೀನ ಕಾರ್ತೇಜಿನ ಸೇನಾಪತಿ ಹನಿಬಲನ ಹೆಸರಿನ ಪೆಟ್ಟಿಗೆಯ ಆನೆ ಇಲ್ಲಿ ನಡೆಯದು. ಹಜಾರರಾಮದ ಸಾಲಿನಲ್ಲಿ ಆನೆಯ ಮೇಲೆ ಹೆಚ್ಚಾಗಿ ಕಾಣುವುದು ಮಾವುತನೇ. ಪಾಯೆಸ್ ಕಂಡದ್ದು ಬೆನ್ನಿನ ಮೇಲೆ ಮೂರು ನಾಲ್ಕು ಜನ, ನೂನಿಜ್ ಹೇಳುವುದು ಅಂಬಾರಿ, ಅದರಿಂದ ಹೋರಾಡುವ ಸೈನಿಕರು. ನೂನಿಜ್ ಇನ್ನೂ ಮುಂದೆ ಹೋಗಿ, ದಂತಗಳಿಗೆ ಸಾಣೆ ಹಿಡಿದ ಕತ್ತಿಗಳನ್ನು ಕಟ್ಟುತ್ತಿದ್ದರೆಂದು ಬರೆಯುತ್ತಾನೆ. ಮೆರವಣಿಗೆಯ ಆನೆಗೂ ಯುದ್ಧದ ಆನೆಗೂ ವ್ಯತ್ಯಾಸವಿದ್ದೇ ಇರಬೇಕು ಎಂದುಕೊಂಡು ಅಂಬಾರಿಯನ್ನೇ ಆರಿಸಿದೆ. ಉರಿದು ಮುಗಿದ ಊದಿನಕಡ್ಡಿಗಳ ಬಿದಿರಿನ ತುಂಡುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಬ್ಲೇಡಿನಿಂದ ಉದ್ದಕ್ಕೆ ಎರಡಾಗಿ ಸೀಳಿ, ನಾಲ್ಕು ಮೂಲೆಗೆ ಗೂಟ ನಿಲ್ಲಿಸಿ, ದಾರದಿಂದ ಬಿಗಿದರೆ ಸಾಕು. ಜೂಲಿಗೆ ಟಿಶ್ಯೂ ಕಾಗದದ ಒಂದೇ ಪದರವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಆನೆಯ ಮೈಮೇಲೆ ಹೊದಿಸಿ, ಒಣಗುವ ಮುನ್ನ ಒದ್ದೆ ಬ್ರಷ್‌ನಿಂದ ಮಡಿಕೆಗಳನ್ನು ಕೆಳಕ್ಕೆ ಎಳೆಯಬೇಕು. ಹಣೆಯ ಮೇಲೆ ರಾಕ್ಷಸರ, ಮೃಗಗಳ ಮುಖ ಬರೆಯುತ್ತಿದ್ದರೆಂದು ಪಾಯೆಸ್ ಹೇಳುವುದನ್ನು ಒಂದು ಆನೆಗೆ ಮಾತ್ರ ಬಳಸಿದೆ. ಅಕ್ಕಿಕಾಳಿನಷ್ಟು ಜಾಗದಲ್ಲಿ ಎರಡು ಬಿಳಿ ಕಣ್ಣು, ಒಂದು ಕೆಂಪು ಬಾಯಿ. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.

ತೋಪುಗಳ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು. ದಖ್ಖನಿನ ಹಳೆಯ ಕಬ್ಬಿಣದ ತೋಪುಗಳಲ್ಲಿ ಬಹಳಷ್ಟು ಎರಕದವಲ್ಲ: ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಪೀಪಾಯಿಯ ಹಲಗೆಗಳಂತೆ ಸುತ್ತಲೂ ಜೋಡಿಸಿ, ಮೇಲೆ ಕಾದ ಬಳೆಗಳನ್ನು ಏರಿಸಿ ಬಿಗಿದವು. ಬೀದರ್ ಕೋಟೆಯ ಬುರುಜುಗಳ ಮೇಲೆ ಈ ಬಗೆಯವನ್ನು ಇಂದಿಗೂ ಕಾಣಬಹುದು. ಅವು ನಮ್ಮ ಕದನಕ್ಕಿಂತ ಈಚಿನವಾದರೂ ಕಟ್ಟುವ ಕ್ರಮ ತಿಳಿಯಲು ಅವೇ ಗುರು. ಖಾಲಿಯಾದ ಬಾಲ್‌ಪೆನ್ ರಿಫಿಲ್ಲನ್ನು 35 ಮಿ.ಮೀ.ಗೆ ಕತ್ತರಿಸಿದರೆ ಎರಡೂವರೆ ಮೀಟರ್ ಉದ್ದದ ನಳಿಗೆಯಾಯಿತು, ಅದರ ತೂತೇ ಬಾಯಿ. ಮೇಲೆ ಅರ್ಧ ಮಿ.ಮೀ. ಅಗಲದ ಡ್ರಾಯಿಂಗ್ ಕಾಗದದ ಪಟ್ಟಿಗಳನ್ನು ಉದ್ದಕ್ಕೆ ಒತ್ತೊತ್ತಾಗಿ ಅಂಟಿಸಬೇಕು. ಅದರ ಮೇಲೆ ಫೆವಿಕಾಲ್ ಸವರಿದ ಹೊಲಿಗೆ ದಾರವನ್ನು ಎರಡು ಮಿ.ಮೀ.ಗೊಂದರಂತೆ ಬಳೆಬಳೆಯಾಗಿ ಸುತ್ತಿ, ಪ್ರತಿ ಬಳೆಯನ್ನೂ ಬೇರೆಯಾಗಿ ಕತ್ತರಿಸಿ ಕೂಡಿಸಬೇಕು. ಒಂದೇ ದಾರವನ್ನು ಸುರುಳಿಯಾಗಿ ಸುತ್ತಿದರೆ ಅದು ತೋಪಲ್ಲ, ಸ್ಪ್ರಿಂಗು. ಕಪ್ಪು ಬಳಿದು, ಸಂದುಗಳಿಗೆ ತುಕ್ಕಿನ ಕಂದು ಇಳಿಸಿ, ಕೊನೆಗೆ ಪೆನ್ಸಿಲ್ ಸೀಸದ ಪುಡಿಯನ್ನು ಬೆರಳಲ್ಲಿ ತೀಡಿದಾಗ ಬಳೆಗಳ ಏಣು ಮಾತ್ರ ಕಬ್ಬಿಣದಂತೆ ಹೊಳೆಯುತ್ತದೆ. ಯಾವ ಲೋಹದ ಬಣ್ಣವೂ ಈ ಹೊಳಪಿಗೆ ಸಾಟಿಯಲ್ಲ.

ತೋಪಿನ ಬಂಡಿ ಹೇಗಿತ್ತೆಂದು ನೂನಿಜ್ ಹೇಳುವುದಿಲ್ಲ. ರಾಯಚೂರು ಕೋಟೆಯ ಒಳಗೋಡೆಯಲ್ಲಿ 1294ರ ಶಾಸನವಿರುವ ಭಾರಿ ಬಂಡೆಯ ಬಳಿ, ಬಂಡೆಯನ್ನು ಬಂಡಿಯ ಮೇಲೆ ಎಳೆದು ತರುವ ರೇಖಾಚಿತ್ರ ಕೊರೆದಿದ್ದಾರೆ. ಆ ಸೀಮೆಯಲ್ಲಿ ಭಾರ ಸಾಗಿಸುತ್ತಿದ್ದ ಪರಿಯನ್ನು ನೆನಪಿಸಿಕೊಳ್ಳಲು ಅದು ಸಾಕು. ತಗ್ಗಾದ, ಗಟ್ಟಿ ಚಕ್ರದ ಎತ್ತಿನ ಬಂಡಿಯ ಮಾದರಿಯನ್ನು ಆರಿಸಿ, ಐಸ್‌ಕ್ರೀಮ್ ಕಡ್ಡಿಗಳಿಂದ ಚೌಕಟ್ಟನ್ನೂ 14 ಮಿ.ಮೀ. ಗುಂಡಿಗಳಿಂದ ಚಕ್ರಗಳನ್ನೂ ಮಾಡಿದೆ. ಗುಂಡಿಯ ತೂತುಗಳನ್ನು ಪುಟ್ಟಿಯಿಂದ ಮುಚ್ಚಿ ನಡುವೆ ಕುಂಭ ಕೂರಿಸಿದರೆ ಅದು ಅಂಗಿಯ ಗುಂಡಿಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಮಣ್ಣಿನ ಒಡ್ಡು 17 ಮಿ.ಮೀ. ಎತ್ತರ, ಎಂದರೆ ಎದೆಮಟ್ಟ. ಅದರ ಸಂದುಗಳಲ್ಲಿ ನಾಲ್ಕು ತೋಪುಗಳು ಸಮ ಅಂತರವಿಲ್ಲದೆ ನಿಂತಿವೆ.

ನೆಲಕ್ಕೆ ಎರೆಮಣ್ಣನ್ನೇ ಬಳಸಿದ್ದೇನೆ. ರಾಯಚೂರು ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಬಾಯ್ಬಿಡುತ್ತದೆ. ಆ ಬಿರುಕನ್ನು ಚಾಕುವಿನಿಂದ ಗೀರಿ ತೋರಿಸಿದರೆ ಕೃತಕವಾಗಿ ಕಾಣುತ್ತದೆ. ನಿಜವಾದ ಎರೆಮಣ್ಣು ಹಲಗೆಯ ಮೇಲೂ ತನ್ನ ಗುಣ ಬಿಡುವುದಿಲ್ಲ. 12 ಮಿ.ಮೀ. ಪ್ಲೈವುಡ್ಡಿಗೆ ಎರಡೂ ಬದಿ ವಾರ್ನಿಷ್ ಬಳಿದು, ಮೇಲೆ ಚಾವಣಿಗೆ ಶಾಖ ತಡೆಯಲು ಹಾಕುವ ಗಟ್ಟಿ ಫೋಮನ್ನು ನೆಲದ ಏರಿಳಿತಕ್ಕೆ ತಕ್ಕಂತೆ ಕೆತ್ತಿ ಅಂಟಿಸಬೇಕು. ಅದರ ಮೇಲೆ ಮರಳು, ಫೆವಿಕಾಲ್ ಬೆರೆಸಿ ಒರಟು ಪದರ ಕೊಡಬೇಕು. ಮಣ್ಣನ್ನು ಹುಳ ಹುಪ್ಪಟೆ ಉಳಿಯದಂತೆ ಹೆಂಚಿನ ಮೇಲೆ ಹುರಿದು, ಟೀ ಸೋಸುವ ಜರಡಿಯಲ್ಲಿ ಸಾಣಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ ಎರಡು ಮಿ.ಮೀ. ದಪ್ಪ ಹರಡಬೇಕು. ಮೊದಮೊದಲು ಒದ್ದೆ ಬಟ್ಟೆ ಮುಚ್ಚಿ ನಿಧಾನವಾಗಿ ಆರಿಸಿದರೆ ಅಂಚು ಏಳುವುದಿಲ್ಲ. ಪದರ ದಪ್ಪವಾದಷ್ಟು ಬಿರುಕುಗಳ ನಡುವಿನ ಹೆಂಟೆ ದೊಡ್ಡದಾಗುತ್ತದೆ, ತೆಳುವಾದಷ್ಟು ಚಿಕ್ಕದು. ನಮ್ಮ ಪ್ರಮಾಣಕ್ಕೆ ತೆಳುವೇ ಒಳ್ಳೆಯದು.

ಬಿರುಕು ಬಿಟ್ಟ ಮಣ್ಣನ್ನು ಹಲಗೆಗೆ ಕಚ್ಚಿಸುವುದು ಹೇಗೆ ಎಂಬಲ್ಲಿ ಒಂದು ಸೂಕ್ಷ್ಮವಿದೆ. ಡಯೋರಾಮಾ ಮಾಡುವವರೆಲ್ಲ ನೆಲದ ಮೇಲೆ ನೀರು ಬೆರೆಸಿದ ಫೆವಿಕಾಲ್ ಹನಿಸುತ್ತಾರೆ. ಎರೆಮಣ್ಣಿನ ಮೇಲೆ ಹಾಗೆ ಮಾಡಿದರೆ ಅದು ನೀರು ಕುಡಿದು ಉಬ್ಬಿ ಬಿರುಕುಗಳು ಕೂಡಿಕೊಂಡುಬಿಡುತ್ತವೆ, ಮಳೆ ಬಂದಾಗ ಹೊಲದಲ್ಲಿ ಆಗುವುದೂ ಅದೇ. ಇದಕ್ಕೆ ಮರಗೆಲಸದವರು ಬಳಸುವ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಶ್ ಬೇಕು. ಸ್ಪಿರಿಟ್ಟಿಗೆ ಈ ಮಣ್ಣು ನೀರಿಗೆ ಉಬ್ಬುವಂತೆ ಉಬ್ಬುವುದಿಲ್ಲ. ತೆಳ್ಳಗೆ ಮಾಡಿದ ಪಾಲಿಶನ್ನು ಇಂಕ್ ಫಿಲ್ಲರ್‌ನಿಂದ ಹನಿಹನಿಯಾಗಿ ಬಿಟ್ಟರೆ ಮಣ್ಣು ಹೀರಿಕೊಂಡು ಕಲ್ಲಿನಂತಾಗುತ್ತದೆ, ಬಿರುಕು ಹಾಗೆಯೇ ಉಳಿಯುತ್ತದೆ. ಥಿನ್ನರ್ ಬೆರೆತ ವಾರ್ನಿಷ್ ಮಾತ್ರ ಬೇಡ. ಕೆಳಗಿನ ಫೋಮ್ ಕರಗಿ ನೆಲ ಕುಸಿಯುತ್ತದೆ. ಅರಗು ಬಿದ್ದ ಮೇಲೆ ಮಣ್ಣು ಕಡುಗಪ್ಪಾಗುವುದರಿಂದ ಬೂದು ಕಂದನ್ನು ಒಣ ಬ್ರಷ್‌ನಲ್ಲಿ ತಿಕ್ಕಿ ಮೇ ತಿಂಗಳ ನೆಲಕ್ಕೆ ಇಳಿಸಬೇಕಾಯಿತು. ಸಾವಿರಾರು ಕಾಲುಗಳು ತುಳಿದ ಕಡೆ ಬಿರುಕು ಉಳಿಯುವುದು ಅಸಂಭವ. ಆದ್ದರಿಂದ ಹಲಗೆಯ ಎಡ ಮೂಲೆಯಲ್ಲಿ, ಒಡ್ಡಿನ ಹೊರಮಗ್ಗುಲಲ್ಲಿ ಮಾತ್ರ ಬಿರುಕು ಬಿಟ್ಟು, ನಡುವಣ ಜಾಗವನ್ನೆಲ್ಲ ಸಾಣಿಸಿದ ಪುಡಿಮಣ್ಣಿನಿಂದ ಮುಚ್ಚಿದೆ.

ಗಿಡಗಳಲ್ಲಿ ಎಚ್ಚರ ಬೇಕು. ಇಂದು ರಾಯಚೂರಿನ ಬಯಲು ಎಂದರೆ ಕಣ್ಣಿಗೆ ಬರುವುದು ಬಳ್ಳಾರಿ ಜಾಲಿ. ಅದು ಅಮೆರಿಕ ಖಂಡದ ಗಿಡ, ಭಾರತಕ್ಕೆ ಬಂದದ್ದು 19ನೆಯ ಶತಮಾನದಲ್ಲಿ. ಹೊಲದ ಬದುವಿನ ಕತ್ತಾಳೆ, ಪಾಪಾಸುಕಳ್ಳಿಗಳೂ ಅತ್ತಲಿಂದಲೇ ಬಂದವು. 1520ರ ದಡದಲ್ಲಿ ಇವು ಯಾವುವೂ ಇರುವಂತಿಲ್ಲ. ಕರಿಜಾಲಿ, ಎಕ್ಕ, ಈಚಲು, ನಮ್ಮ ನಾಡಿನ ಕಳ್ಳಿ, ಒಂದು ಬೇವು, ಇಷ್ಟಕ್ಕೆ ತೃಪ್ತಿಪಟ್ಟೆ. ಹಿಂಗಾರಿ ಜೋಳ ಕೊಯ್ದ ಹೊಲ ಮೇ ತಿಂಗಳಲ್ಲಿ ಬರಿ ಕೂಳೆಯಾಗಿರುತ್ತದೆ. ತೆಂಗಿನ ನಾರನ್ನು ಎರಡು ಮೂರು ಮಿ.ಮೀ.ಗೆ ಕತ್ತರಿಸಿ, ಸೂಜಿಯಿಂದ ಚುಚ್ಚಿದ ಸಾಲುಗಳಲ್ಲಿ ನೆಟ್ಟರೆ ಕೂಳೆಯಾಗುತ್ತದೆ. ಆ ಸಾಲುಗಳು ಆನೆ ಬಂದ ದಾರಿಯಲ್ಲಿ ಮಲಗಿವೆ, ಪಕ್ಕದಲ್ಲಿ ಎದ್ದು ನಿಂತಿವೆ.

ಕರಿಮದ್ದಿನ ಹೊಗೆ ದಟ್ಟ ಬಿಳಿಯದು, ನೆಲಕ್ಕೆ ಹತ್ತಿಕೊಂಡೇ ಸಾಗುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ತೆಳ್ಳಗೆ ಹಿಂಜಿ, ಕೆಳಭಾಗಕ್ಕೆ ಬೂದು, ಬೆಳಕು ಬೀಳುವ ಪಕ್ಕಕ್ಕೆ ಚೂರೇ ಹಳದಿ ಸೀಮೆಸುಣ್ಣದ ಪುಡಿ ತಾಗಿಸಿದೆ. ಹತ್ತಿಗಿಂತ ಇದು ಮೇಲು, ಮುದ್ದೆಯಾಗುವುದಿಲ್ಲ. ವಿಜಯನಗರದವರು ದಕ್ಷಿಣದಿಂದ ನದಿಯತ್ತ ನುಗ್ಗುವುದರಿಂದ ಬೆಳಗಿನ ಬಿಸಿಲು ಅವರ ಬಲಗೆನ್ನೆಗೆ ಬೀಳಬೇಕು. ಎಲ್ಲ ಗೊಂಬೆಗಳಿಗೂ ತಿಳಿಬಣ್ಣವನ್ನು ಆ ದಿಕ್ಕಿನಿಂದಲೇ ಹಚ್ಚಿದ್ದೇನೆ, ಹೊಗೆಯ ನೆರಳನ್ನೂ ಅದಕ್ಕೇ ಹೊಂದಿಸಿದ್ದೇನೆ.

ಕಾಲಾಳುಗಳು ನೂರಹತ್ತರಷ್ಟು, ಕುದುರೆ ಹದಿನೆಂಟು. ಜೋಡಣೆಯಲ್ಲಿ ಸಾಲುಗಳು ಹಲಗೆಯ ಅಂಚಿಗೆ ಸಮಾಂತರವಾಗದಂತೆ ನೋಡಿಕೊಂಡೆ. ಎಡ ಮುಂಮೂಲೆಯಿಂದ ಬಲ ಹಿಂಮೂಲೆಗೆ ಕರ್ಣದಂತೆ ನುಗ್ಗಾಟ ಸಾಗುತ್ತದೆ. ಮುಂದೆ ಮೊದಲ ಸುತ್ತಿನ ಗುಂಡಿಗೆ ಬಿದ್ದವರು, ಅವರನ್ನು ದಾಟಿ ಬರುತ್ತಿರುವ ರಾವುತರು ಮತ್ತು ಆನೆಗಳು, ನಡುವೆ ಎರಡೂ ಕಡೆಯವರು ಬೆರೆತ ಗೊಂದಲ, ಕೊನೆಯಲ್ಲಿ ಒಡ್ಡು. ಪ್ರತಿ ಗೊಂಬೆಯ ಕಾಲಿಗೂ ತಂತಿಯ ಮೊಳೆಯಿರುವುದರಿಂದ ಅಂಟು ಹಾಕದೆಯೇ ಚುಚ್ಚಿ ಇಟ್ಟು, ಬೇರೆ ಬೇರೆ ಕೋನದಿಂದ ಫೋಟೊ ತೆಗೆದು ನೋಡಿ ಜಾಗ ಬದಲಿಸಿದೆ. ಫೋಟೊದಲ್ಲಿ ಖಾಲಿ ಜಾಗಗಳು ಕಣ್ಣಿಗಿಂತ ಬೇಗ ಸಿಕ್ಕಿಬೀಳುತ್ತವೆ. ಎರಡನೆಯ ತೋಪಿನ ಬಳಿ ಗಜಕೋಲು ಹಿಡಿದು ಮದ್ದು ಜಡಿಯುತ್ತಿರುವ ಗೋಲಂದಾಜನೊಬ್ಬ ತಲೆ ಎತ್ತಿ ಮುಂದೆ ನೋಡುತ್ತಿದ್ದಾನೆ. ಅವನ ಎದುರು ಮೂರು ಬೆರಳಷ್ಟು ದೂರದಲ್ಲಿ ಕೆಂಪು ಟೊಪ್ಪಿಗೆಯ ರಾವುತ ಕುದುರೆಯನ್ನು ಒಡ್ಡಿನ ಮೇಲೆ ಹಾರಿಸುತ್ತಿದ್ದಾನೆ. ಇವನ ತೋಪಿನ ಬಾಯಿ ನೇರವಾಗಿ ಆ ಕುದುರೆಯ ಎದೆಗೇ ಇದೆ. ಆ ಇಬ್ಬರ ನಡುವಿನ ಜಾಗಕ್ಕೆ ಹೊಗೆ ಹಾಕಲಿಲ್ಲ.

ಪೆಟ್ಟಿಗೆಗೆ 4 ಮಿ.ಮೀ. ಅಕ್ರಿಲಿಕ್ ಹಾಳೆ. ಗಾಜಿಗಿಂತ ಹಗುರ, ಆದರೆ ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ದೂಳನ್ನೂ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯೇ ಸರಿ. ಮಳೆಗಾಲದ ತೇವಕ್ಕೆ ಎರೆಮಣ್ಣು ಅರಗಿನಡಿಯೂ ಸ್ವಲ್ಪ ಮಿಸುಕಬಹುದೆಂಬ ಅನುಮಾನದಿಂದ ಒಡ್ಡಿನ ಹಿಂದಿನ ಟೊಳ್ಳಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿಗೆ ಜಾಗ ಮಾಡಿ, ಹಿಂಬದಿಯಿಂದ ತೆಗೆದು ಬದಲಿಸುವ ಹಾಗೆ ಸಣ್ಣ ಬಾಗಿಲಿಟ್ಟಿದ್ದೇನೆ. ಹುಳ ಬರದಿರಲೆಂದು ನುಸಿಗುಳಿಗೆ ಹಾಕುವ ಸಲಹೆ ಬಂದಿತ್ತು. ನ್ಯಾಫ್ತಲೀನ್ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಪಾಲಿಸ್ಟೈರೀನ್ ಫೋಮನ್ನು ಮೆತ್ತಗೆ ಮಾಡುತ್ತದೆ, ಅದನ್ನು ಹಾಕಲೇಬಾರದು. ಮುಂಭಾಗದ ಫಲಕದಲ್ಲಿ ಸ್ಥಳ, ವರ್ಷ, ಪ್ರಮಾಣಗಳನ್ನು ಬರೆದು, ಕೆಳಗೆ ಚಿಕ್ಕ ಅಕ್ಷರದಲ್ಲಿ ಉಡುಗೆಗೆ ಹಜಾರರಾಮ ಮತ್ತು ಲೇಪಾಕ್ಷಿ, ಘಟನೆಗೆ ನೂನಿಜ್, ತೋಪಿನ ಬಂಡಿಗೆ ಊಹೆ ಎಂದು ಸೇರಿಸಿದ್ದೇನೆ.